ಬ್ರೆಡ್ಡು, ನೀಲಿ, ಒಂದೂವರೆ ಇಂಚು

ಮೊದಲು ಬಿಸಿಲಿನ ಮೇಲೆ ಹಾಕಿದೆವು ತಪ್ಪು.
ಎಪ್ರಿಲ್ ಅಲ್ಲವೇ, ಕುಡಿಯುತ್ತದೆ, ಎಂದರು ಅಂದುಂಞಿ ಹಾಜಿಯವರು,
ದುಬೈಯಲ್ಲಿ ಇಪ್ಪತ್ತೆರಡು ವರ್ಷ ಬಿಸಿಲು ಕಂಡವರು.
ನಾನು ಕೊಳದ ಮೆಟ್ಟಿಲ ಮೇಲೊಂದು ಬಕೆಟ್ಟು ಇಟ್ಟೆ,
ಅದೇ ನೀರು ತುಂಬಿ, ಒಳಗೊಂದು ಗೀಟು, ಹೊರಗೊಂದು ಗೀಟು.
ಬೆಳಗ್ಗೆ ನೋಡಿದರೆ
ಬಕೆಟ್ಟಿನದು ಇಳಿದದ್ದು ಒಂದು ನೂಲು,
ಕೊಳದ್ದು ನಾಲ್ಕು ಬೆರಳು.
ಬಿಸಿಲಿಗೆ ಬಕೆಟ್ಟು ಬೇರೆ ಕೊಳ ಬೇರೆ ಉಂಟೇ ಹಾಜಿಯವರೇ?

ಮಂಗಳೂರಿನಿಂದ ಬಂದವ
ನೆಲಕ್ಕೆ ಕಿವಿಯಿಡುವ ಯಂತ್ರಕ್ಕೇ ಹದಿನೆಂಟು ಸಾವಿರ ಎಂದ,
ಒಡೆಯುವ ಟೈಲ್ಸಿನ ಲೆಕ್ಕ ಬೇರೆ.
ಹಾಜಿಯವರು ನನ್ನ ಮುಖ ನೋಡಿದರು.
ನಾನು ಮಕ್ಕಳಿಗೆ ಈಜು ಕಲಿಸುವವಳು.
ಆದರೆ ಐತ್ತಪ್ಪನ ಮಗಳು.

ಐತ್ತಪ್ಪ ಎಂದರೆ
ಪೈವಳಿಕೆಯ ಗುಡ್ಡಗಳಿಗೆ ನಲವತ್ತೊಂದು ಸುರಂಗ ಕೊರೆದವ,
ಮೇಣದ ಬತ್ತಿ ನಂದಿದರೆ ತೆವಳಿ ಹಿಂದೆ ಬಂದವ,
ಒಂದು ಗೆರಟೆ ನೀರಿನ ಆಸೆಗೆ
ಎಪ್ಪತ್ತು ಕೋಲು ಕತ್ತಲೆ ಅಗೆದವ.

ಬಟ್ಟೆಗೆ ಹಾಕುವ ನೀಲಿ ತಂದೆ.
ಮೋಟಾರು ನಿಲ್ಲಿಸಿ, ಉಸಿರು ಕಟ್ಟಿ ಮುಳುಗಿ
ಗೋಡೆಯ ನಾಲ್ಕು ಬಾಯಿಗಳೆದುರು ತೊಟ್ಟು ತೊಟ್ಟಾಗಿ ಬಿಟ್ಟೆ.
ಮೂರರ ಮುಂದೆ ನೀಲಿ
ಬೇಸರ ಬಂದ ಬೆಕ್ಕಿನಂತೆ ಮೈಮುರಿದು ಮಲಗಿತು.
ಪಡುವಣ ಮೂಲೆಯದು ಮಾತ್ರ
ಸೂಜಿ ನೂಲನ್ನು ಎಳೆದ ಹಾಗೆ ಎಳೆದುಕೊಂಡಿತು ಒಳಗೆ.

ಸರಿ. ಅಗೆಯುವುದು ಎಲ್ಲಿ?
ಇಪ್ಪತ್ತಡಿ ಪೈಪು, ಎಲ್ಲೋ ಒಂದು ಗಾಯ.
ಅಪ್ಪನನ್ನು ರಿಕ್ಷಾದಲ್ಲಿ ತಂದೆ. ಕಿವಿ ಹೋಗಿ ಆರು ವರ್ಷ.
ಹಾರೆಕೋಲು ನೆಲಕ್ಕೂರಿ
ಮೇಲಿನ ತುದಿಯನ್ನು ಹಲ್ಲಿನಿಂದ ಕಚ್ಚಿದ,
ಉಳಿದಿರುವ ಐದು ಹಲ್ಲಿನಿಂದ.
ಮೂರು ಕಡೆ ಕಚ್ಚಿ ಉಗಿದ.
ಬೇಲಿಯ ಹತ್ತಿರ ಕಣ್ಣು ಮುಚ್ಚಿದ, ತೆರೆಯಲಿಲ್ಲ.
ಬೇಲಿಯಾಚೆ ಭವಾನಿಯಕ್ಕನ ಬಸಳೆ ಚಪ್ಪರ.
ಊರಿಡೀ ಬಸಳೆ ಮುದುಡಿ ಕೂತಿರುವಾಗ
ಅದಕ್ಕೊಂದಕ್ಕೇ ಅಂಗೈಯಗಲ ಎಲೆ.
ಎಲ್ಲ ನನ್ನ ಕೈಗುಣ, ಎನ್ನುತ್ತಿದ್ದಳು, ಕಟ್ಟು ಕಟ್ಟು ನಮಗೂ ಕೊಟ್ಟು.

ಅಗೆದೆವು. ಅಂದರೆ ನಾನು ಅಗೆದೆ, ಅಪ್ಪ ಬೈದ.
ಮುರಕಲ್ಲು ನೆನೆದರೆ ಬೆಲ್ಲ, ಒಣಗಿದರೆ ಪಿಕ್ಕಾಸಿಗೇ ಪೆಟ್ಟು.
ಮೂರನೇ ಅಡಿಗೆ ಕೆಸರು, ಕ್ಲೋರಿನ್ನಿನ ಘಾಟು.
ಗೇರುಮರದ ಬೇರೊಂದು ಅಷ್ಟು ದೂರದಿಂದ ಬಂದು
ಜಾಯಿಂಟಿನ ಕೊರಳಿಗೆ ಕೈ ಹಾಕಿ ಕೂತಿತ್ತು.
ಕೂದಲೆಳೆಯ ಬಿರುಕು. ಇಷ್ಟೇ.
ಇಷ್ಟಕ್ಕೆ ತಿಂಗಳಿಗೆ ಮೂರು ಟ್ಯಾಂಕರ್.

ಗರಗಸ, ಉಜ್ಜುಕಾಗದ, ಉಪ್ಪಳದಿಂದ ಎರಡು ಕಪ್ಲಿಂಗು.
ಒದ್ದೆಯಿದ್ದರೆ ಅಂಟು ಹಿಡಿಯದು ಎಂದು
ಡಬ್ಬಿಯ ಮೇಲೆ ಮಲಯಾಳದಲ್ಲಿದ್ದದ್ದನ್ನು
ಹಾಜಿಯವರು ಕನ್ನಡದಲ್ಲಿ ಓದಿದರು,
ನಾನು ಅಪ್ಪನಿಗೆ ತುಳುವಿನಲ್ಲಿ ಕಿರುಚಿದೆ.
ಪೈಪು ಮೂರಕ್ಕೂ ಕಿವುಡಾಗಿ
ತೊಟ್ಟಿಕ್ಕುತ್ತಲೇ ಇತ್ತು.

ಒರೆಸಿದೆ. ತೊಟ್ಟು. ಒರೆಸಿದೆ. ತೊಟ್ಟು.
ಆಗ ಹಾಜಿಯವರಿಗೆ ನೆನಪಾದ
ದೇರಾದ ಹಳೇ ರೂಮಿನ ಪೆಶಾವರದ ಪ್ಲಂಬರ್.
ಓಡಿಹೋಗಿ ಮೊಮ್ಮಗಳ ತಟ್ಟೆಯಿಂದ ಬ್ರೆಡ್ಡು ತಂದರು.
ಮುದ್ದೆ ಮಾಡಿ ಒಳಗೆ ತುರುಕಿದೆ.
ನೀರು ಅದನ್ನು ಕುಡಿಯುತ್ತ ಮೈಮರೆತ ಗಳಿಗೆಯಲ್ಲಿ
ಅಂಟು ಬಳಿದು, ಕೂಡಿಸಿ, ಕಾಲು ಸುತ್ತು ತಿರುಗಿಸಿ
ಮೂವತ್ತು ಎಣಿಸುವವರೆಗೆ ಹಿಡಿದೆ.

ಅಪ್ಪ ಹೊಂಡದ ಅಂಚಿನಲ್ಲಿ ಕೂತು ನೋಡಿದ.
ಬಾರುಕೋಲಿನ ಕಾಲದಿಂದ ನೀರು ಬಿಡಿಸಿದ್ದೇ ಹೊರತು, ಎಂದ,
ಮುಚ್ಚಿದ್ದು ಇದೇ ಮೊದಲು.
ಹೇಳಿ ಕೈಯನ್ನು ಲುಂಗಿಗೆ ಒರೆಸಿಕೊಂಡ,
ಕೈ ಒಣಗಿಯೇ ಇತ್ತು.

ಇಪ್ಪತ್ತನಾಲ್ಕು ಗಂಟೆ ಬಿಟ್ಟು ಮೋಟಾರು ಹಾಕಿದೆವು.
ಗೀಟು ಅಲ್ಲೇ.
ಮರುದಿನ ಮಕ್ಕಳು ಧುಮುಕಿದರು,
ಪಡುವಣ ಮೂಲೆಯಿಂದ ರಿದಾಳ ಕೂಗು:
ಟೀಚರ್, ಗೋಡೆ ಬ್ರೆಡ್ಡು ಕಕ್ಕುತ್ತಾ ಉಂಟು!

ನಗಬೇಕೆಂದು ತಲೆ ಎತ್ತಿದೆ.
ಬೇಲಿಯಾಚೆ ಭವಾನಿಯಕ್ಕ ಕುಕ್ಕರಗಾಲಲ್ಲಿ ಕೂತು
ಬಸಳೆಯ ಬುಡದ ಮಣ್ಣನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ನಾನು ಸೀಟಿ ಊದಿದೆ.