ಹಸಿ ಬಣ್ಣ

ಸ್ಕಾಟ್ಲೆಂಡಿನ ಉತ್ತರದ ತುದಿ. ಮುಂದೆ ಬರೀ ಕಡಲು.
ಕಡಲಿಗೆ ಬೆನ್ನು ಹಾಕಿ ಕೂತ ಕಟ್ಟಡದೊಳಗೆ
ಇರುವುದೊಂದೇ ಕಿಟಕಿ: ಗಜ ದಪ್ಪದ ಸೀಸದ ಗಾಜು,
ಹರಳೆಣ್ಣೆಯ ಬಣ್ಣ.
ಅದರಾಚೆ ಯಾರೂ ಕಾಲಿಡದ ಕೋಣೆ.

ವಿಲ್ಯಮಿನಾ ಸ್ವಾನ್ಸನ್ ನನಗೆ ಕೈ ಕಲಿಸಿದವಳು.
"ಮೊದಲು ನಿನ್ನ ಕೈ ಮರೆ" ಅಂದಳು
ಗೋಡೆಯಿಂದ ಇಳಿಬಿದ್ದ ಎರಡು ಹಿಡಿ ತೋರಿಸಿ.
ಇಲ್ಲಿ ಅದುಮಿದರೆ ಅಲ್ಲಿ ಚಿಮಟ ಕಚ್ಚುತ್ತದೆ,
ಇಲ್ಲಿ ಮಣಿಕಟ್ಟು ತಿರುಗಿದರೆ ಅಲ್ಲಿ ಉಕ್ಕು,
ಕೂದಲೆಳೆಯಷ್ಟು ತಡವಾಗಿ.
ಕೈಪಿಡಿಯಲ್ಲಿ ಈಚಿನದು ಯಜಮಾನ, ಆಚಿನದು ಗುಲಾಮ.
ಅವಳ ಬಾಯಲ್ಲಿ ಇಬ್ಬರೂ ವಾರಗಿತ್ತಿಯರು:
ಒಬ್ಬಳು ಜಗ್ಗಿದ್ದು ಇನ್ನೊಬ್ಬಳಿಗೆ ತಾಗದೆ ಇರದು.

ಮೂರು ತಿಂಗಳು ಖಾಲಿ ಕೋಣೆಯಲ್ಲಿ ಪಾಠ.
ಬೂಟಿನ ಲಾಡಿ ಕಟ್ಟಿದೆ, ಬಿಚ್ಚಿದೆ.
ಚಹಾ ಬಗ್ಗಿಸಿದೆ, ಚೆಲ್ಲಿದೆ.
ಒಡೆದ ಮೊಟ್ಟೆಗೆ ಲೆಕ್ಕವಿಲ್ಲ.
ಅವಳೋ ಸೂಜಿಗೆ ದಾರ ಪೋಣಿಸಿಬಿಟ್ಟಳು,
ಅದೂ ಸೀನು ತಡೆದುಕೊಂಡು.

ಅವಳಜ್ಜಿ ವಿಕ್ ಬಂದರಿನಲ್ಲಿ ಹೆರಿಂಗ್ ಮೀನು ಸೀಳುತ್ತಿದ್ದಳಂತೆ,
ನಿಮಿಷಕ್ಕೆ ನಲವತ್ತು.
ಹಿಟ್ಟಿನ ಚೀಲ ಹರಿದ ಬಟ್ಟೆ ಬೆರಳಿಗೆ,
ಚಾಕುವಿಗೂ ಉಪ್ಪಿಗೂ ಅಡ್ಡ ಇದ್ದದ್ದು ಅಷ್ಟೇ.
"ಗಾಯವಿಲ್ಲದ ಜಾಗ ಅವಳ ಕೈಯಲ್ಲಿ ನಾನು ಕಂಡಿಲ್ಲ"
ಎನ್ನುತ್ತ ತನ್ನ ಅಂಗೈ ಮಗುಚಿ ನೋಡಿಕೊಂಡಳು.
ಮೂವತ್ತೊಂದು ವರ್ಷ. ಒಂದು ಗೀರಿಲ್ಲ.
ಏನೋ ಕದ್ದವಳ ಹಾಗೆ ಮುಷ್ಟಿ ಮುಚ್ಚಿದಳು.

ಆಚೆಯ ಕೋಣೆಯ ಮೂಲೆಗೊಂದು ಬೋರ್ಡು:
ಬಣ್ಣ ಹಸಿಯಿದೆ, ಮುಟ್ಟಬೇಡಿ.
ಬಣ್ಣದವನು ಮರೆತು ಹೋದದ್ದು.
ಮಾರನೆಯ ದಿನವೇ ಮೊದಲ ಉರಿದ ಕಡ್ಡಿ ಒಳಬಂತು,
ಬಾಗಿಲು ಬಿತ್ತು.
ಅರವತ್ತು ವರ್ಷ ಯಾರೂ ಮುಟ್ಟಿಲ್ಲ.
ಇಷ್ಟು ವಿಧೇಯತೆ ಮೋಶೆಯ ಹತ್ತು ಕಟ್ಟಳೆಗೂ ಸಿಕ್ಕಿರಲಾರದು.

ಈ ಚಳಿಗಾಲ ಕೋಣೆ ಕೆಡವುತ್ತಾರೆ.
ಕೈಗಳನ್ನೂ ತುಂಡರಿಸಿ ಡ್ರಮ್ಮಿಗೆ ತುಂಬಿ ಸಿಮೆಂಟು ಸುರಿಯುತ್ತಾರೆ,
ಆ ಕೈಗಳನ್ನು ಕತ್ತರಿಸಲು ಬೇರೆ ಕೈಗಳು ಬರುತ್ತವೆ.

ಕೊನೆಯ ಪಾಳಿ ಮುಗಿಯುವ ಹೊತ್ತು
ವಿಲ್ಯಮಿನಾ ಬಲಗೈ ಚಾಚಿದಳು,
ತಂತಿ ಕಿರುಗುಟ್ಟುವ ತನಕ, ಇನ್ನೊಂದು ಅಂಗುಲ,
ಬೋರ್ಡಿನ ಪಕ್ಕದ ಗೋಡೆಯನ್ನು
ಮುಟ್ಟಿದಳು.

"ಒಣಗಿದೆಯಾ?" ನಾನು ನಕ್ಕೆ.
ಅವಳು ನಗಲಿಲ್ಲ.
"ಗಟ್ಟಿ ಇದೆ. ಇವಳು ಅಷ್ಟೇ ಹೇಳುವುದು.
ಹಸಿಯೋ ಒಣಗಿತೋ, ಬಿಸಿಯೋ ತಣ್ಣಗೋ,
ಈ ತಂತಿಯಲ್ಲಿ ಅದೆಲ್ಲ ಬರುವುದಿಲ್ಲ."
ಆದರೂ ತೆಗೆಯಲಿಲ್ಲ ಕೈ,
ಜ್ವರವಿದೆಯೋ ಎಂದು ಹಣೆ ನೋಡುವವರ ಹಾಗೆ.

ಹೊರಗೆ ಗಾಳಿ.
ಬಸ್ಸಿಗೆ ಕಾಯುತ್ತ ಬೇಲಿಯ ಕಂಬ ಹಿಡಿದು ನಿಂತಳು
ಕೈಗವಸು ಕಳಚಿ:
ತುಕ್ಕು, ಉಪ್ಪು, ಕೊರೆವ ನೀರು.
ಬಸ್ಸು ಬಂದ ಮೇಲೂ.