ಬಾರದ ಜ್ವರ

ಲಸಿಕೆ ಇನ್ನೂ ಪೇಪರಿನ ಸುದ್ದಿಯಾಗಿದ್ದ ಚಳಿಗಾಲ, ಶಿಡ್ಲಘಟ್ಟ.
ಪಟ್ಟಿಯಂತೆ ಪ್ರತಿ ಹನ್ನೊಂದನೇ ಮನೆ,
ಬೀಗ ಹಾಕಿದ್ದರೆ ಪಕ್ಕದ್ದು.
ಬೀಗದ ದೆಸೆಯಿಂದ ಸಿಕ್ಕಿದ ಮನೆ ಖಮರುನ್ನೀಸಾ ಅವರದು.

ಕುದಿವ ಬೇಸಿನ್ನಿನ ಮುಂದೆ ಕೂತಿದ್ದರು.
ಬೆಂದ ಹುಳುವಿನ ವಾಸನೆ
ನನ್ನ ಎರಡು ಮಾಸ್ಕು ದಾಟಿ ಸಲೀಸಾಗಿ ಒಳಗೆ ಬಂತು.
ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ
ಮೂಡಿದ್ದು ಬರೀ ನೀಲಿ ಮಚ್ಚೆ, ಗೆರೆಯೇ ಇಲ್ಲ.
"ರೇಷನ್ ಮಿಷನ್ನಿಗೂ ನನ್ನ ಗುರುತು ಸಿಗಲ್ಲ" ಅಂದರು.

ನರ ಮಾತ್ರ ಒಂದೇ ಸಲಕ್ಕೆ ಸಿಕ್ಕಿತು.
"ನಂಗೇನೂ ಬಂದಿಲ್ಲ ಸಾರ್.
ಹುಳುಗೇ ನಾಲ್ಕು ಜ್ವರ, ನಾಲ್ಕೂ ಎದ್ದಮೇಲೇ ಗೂಡು.
ನಂಗೆ ಒಂದೂ ಇಲ್ಲ, ಕೆಮ್ಮು ಕೂಡ ಇಲ್ಲ.
ಬಂದಿದ್ದು ಅತ್ತೆಗೆ. ಬಕ್ರೀದ್ ಆಗಿ ಒಂಬತ್ತನೇ ದಿನ..."
ಹತ್ತಿ ಅದುಮಿ ಹಿಡ್ಕೊಳ್ಳಿ ಅಂದೆ.

ಆಸ್ಪತ್ರೆಯಲ್ಲಿ ಯಂತ್ರ ತಿರುಗಿ ನಿಂತಾಗ
ಕೆಂಪು ಕೆಳಗೆ, ಮೇಲೆ ತಿಳಿ;
ನಮ್ಮ ಸೀಮೆಯ ಹಳದಿ ಗೂಡಿನದೇ ಬಣ್ಣ.
ಬಂದು ಹೋದವರ ಗುರುತು
ಆ ತಿಳಿಯೊಳಗೆ ಉಳಿದಿರುತ್ತದೆ.
ಹುಳುವಿಗೆ ಆ ಭಾಗ್ಯ ಇಲ್ಲ.
ಮಾವನ ಹುಳುಮನೆಯಲ್ಲಿ ನೋಡಿದ್ದೇನೆ:
ಒಂದು ತಟ್ಟೆಗೆ ಹಾಲುತೊಂಡೆ ಬಿದ್ದರೆ
ಇಡೀ ಬೆಳೆ ಸುಣ್ಣದ ಗುಂಡಿಗೆ,
ಮುಂದಿನ ಬೆಳೆ ಮತ್ತೆ ಏನೂ ಅರಿಯದ್ದು.

ಐಜಿಜಿ. ಒಂದು ದಾಟಿದರೆ ಹೌದು.
ಅವರದು ಆರು ದಶಾಂಶ ಎರಡು.
ಜಿಲ್ಲೆಯ ಲೆಕ್ಕಕ್ಕೆ ಒಂದು ಗೀಟು.
ಗೀಟು ಹೆಚ್ಚಿದಷ್ಟೂ ಊರು ಗಟ್ಟಿ,
ರೋಗ ಬಾಗಿಲು ಬಾಗಿಲು ತಟ್ಟಿ ಬರಿಗೈಲಿ ಹೋಗುತ್ತೆ
ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

"ಒಳ್ಳೇ ಸುದ್ದಿ" ಅಂತ ಚೀಟಿ ಕೊಟ್ಟೆ.
"ನಿಮಗೇ ತಿಳೀದೆ ಬಂದು ಹೋಗಿದೆ. ಶಕ್ತಿ ಬಂದಿದೆ."

ಚರಕ ನಿಂತಿತು.
"ಯಾವತ್ತು ಬಂದಿತ್ತು ಅಂತ ಇದೆಯಾ ಇದರಲ್ಲಿ?"
ಇಲ್ಲ.
"ಅತ್ತೆಗಿಂತ ಮುಂಚೆಯಾ, ಆಮೇಲಾ?"
ರಕ್ತದಲ್ಲಿ ತಾರೀಖು ಇರಲ್ಲಮ್ಮಾ ಅಂದೆ.
ನಿಜವನ್ನೇ ಹೇಳಿದ್ದೆ,
ಆದರೂ ಕಳ್ಳನ ಹಾಗೆ ನೆಲ ನೋಡುತ್ತಿದ್ದೆ.

ಅವರು ಅಂಗೈ ತಿರುಗಿಸಿ, ಮತ್ತೆ ತಿರುಗಿಸಿ
ತಮ್ಮ ಗೆರೆಯಿಲ್ಲದ ಬೆರಳು ನೋಡಿಕೊಂಡರು.

"ಎಷ್ಟು ದಿನ ಇರುತ್ತೆ ಇದು?"
"ಕೆಲವು ತಿಂಗಳು. ಆಮೇಲೆ ಇಳೀತಾ ಹೋಗುತ್ತೆ."
"ಇಳೀಲಿ ಬಿಡಿ."

ಬಿಸಿನೀರಿಗೆ ಕೈ ಹಾಕಿ
ಎಳೆಯ ತುದಿ ಹುಡುಕತೊಡಗಿದರು.
ಬೇಸಿನ್ನಿನ ಅಂಚಲ್ಲಿ ಚೀಟಿ ನೆನೆಯುತ್ತಿತ್ತು.
ಒಳ್ಳೇ ಸುದ್ದಿ ಹಂಚಲು
ನನಗಿನ್ನೂ ನಾಲ್ಕು ಬೀದಿ ಬಾಕಿ ಇತ್ತು.