ಇನ್ನೊಂದು ಡೋಸು

ರೊಪ್ಪದ ಬಾಗಿಲಲ್ಲಿ ಬೂಟು ಬಿಚ್ಚಿಟ್ಟೆ.
ದೇವರ ದನದ ಮುಂದೆ ಇಲಾಖೆಗೂ ಬರಿಗಾಲೇ.

ಪಾಲಯ್ಯ ಶಿಳ್ಳೆ ಹಾಕಿದ.
ನಲವತ್ತು ಕೊಂಬು ಒಟ್ಟಿಗೆ ನನ್ನತ್ತ ತಿರುಗಿದವು,
ಅವನೊಬ್ಬ ತಿರುಗಲಿಲ್ಲ.

"ಮಾಲೀಕರ ಹೆಸರು?"
"ದೇವರು."
"ಕಾಯೋರು?"
"ಗೊತ್ತಲ್ಲ."
"ಮೊಬೈಲ್ ನಂಬರು?"
ಹೇಳತೊಡಗಿದ. ಕೊನೆಯ ನಾಲ್ಕು ಅಂಕಿ
ಅವನ ಬಾಯಿಗೆ ಬರುವ ಮೊದಲೇ
ನನ್ನ ಪೆನ್ನು ಬರೆದು ಮುಗಿಸಿತ್ತು.

ಇಬ್ಬರೂ ನೋಡಿದೆವು ಅವನ್ನು,
ಬೇಲಿ ಹಾರಿ ಬಂದ ಹೋರಿಯನ್ನು ನೋಡುವಂತೆ.

ಹನ್ನೊಂದು ವರ್ಷದ ಹಿಂದೆ, ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ
ಕೊನೇ ಬಸ್ಸು ಹೋಗುವತನಕ ಕಾದಿದ್ದೆ.
"ಕರು ಅಡ್ಡ ಸಿಕ್ಕಿತ್ತು" ಅಂದ ಮರುದಿನ.
ಇದೂ ಒಂದು ನೆಪವಾ ಅಂತ ಫೋನಿಟ್ಟೆ.

ಆಮೇಲೆ ಯಾರ್ಯಾರದೋ ಕೊಟ್ಟಿಗೆಗಳಲ್ಲಿ, ಸರಿರಾತ್ರಿ,
ಭುಜದತನಕ ಕೈಯಿಟ್ಟು
ಕತ್ತಲೊಳಗಿನ ಪುಟ್ಟ ಗೊರಸು ಹುಡುಕುತ್ತ
ಕಲಿತೆ, ಅದು ನೆಪ ಅಲ್ಲ.
ಹೇಳೋಣವೆಂದರೆ ನಂಬರು ಅಳಿಸಿದ್ದೆ,
ಫೋನಿನಿಂದ ಮಾತ್ರ.

ಸೂಜಿ ಮುಗಿಯಿತು. ಐಸ್‌ಪೆಟ್ಟಿಗೆ ಹಗುರ.
"ಇನ್ನೊಂದು ಡೋಸು ಐತಂತಲ್ಲ?"
"ಕರುಗಳಿಗೆ ಮಾತ್ರ. ತಿಂಗಳು ಬಿಟ್ಟು."
ಮಂದೆಯನ್ನು ಒಮ್ಮೆ ನೋಡಿದ.
"ಭಾಳ ಅದಾವೆ. ಒಂದಿನಕ್ಕೆ ಮುಗಿಯಲ್ಲ."

ನಾನೂ ಎಣಿಸಿದೆ. ಎರಡು.
ರಿಜಿಸ್ಟರಿನಲ್ಲಿ
ಎರಡು ದಿನ ಅಂತ ಬರೆದುಕೊಂಡೆ.